ಎನ್‌ಎಫ್‌ಎಲ್ ಡ್ರಾಫ್ಟಲ್ಲಿ ಮೊದಲು ಯಾವ ಪೊಸಿಷನ್? ಕ್ವಾರ್ಟರ್‌ಬ್ಯಾಕಾ, ಲೈನಾ, ರಿಸೀವರಾ?

ಏಪ್ರಿಲ್ ಕೊನೆ ವಾರ ಬಂತು ಅಂದ್ರೆ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ನೋಡೋರ ಮಧ್ಯೆ ಒಂದೇ ವಾದ, ನಮ್ ಟೀಮ್ ಮೊದಲ ಪಿಕ್ಕಲ್ಲಿ ಯಾರನ್ನ ತಗೋಬೇಕು ಅಂತ. ಒಬ್ರು ಬಾಲ್ ಎಸೆಯೋ ಕ್ವಾರ್ಟರ್‌ಬ್ಯಾಕ್ ಅಂತಾರೆ, ಇನ್ನೊಬ್ರು ಮೊದಲು ಅವನನ್ನ ಕಾಯೋ ಲೈನ್ ಸರಿ ಮಾಡ್ರಪ್ಪ ಅಂತಾರೆ, ಮತ್ತೊಬ್ರಿಗೆ ಕಾಲೇಜ್ ಮ್ಯಾಚಲ್ಲಿ ನೋಡಿದ, ಬಾಲ್ ಹಿಡಿಯೋ ಯಾವ್ದೋ ರಿಸೀವರ್ ಮೇಲೇ ಕಣ್ಣು. ಸಾಂಟಾ ಕ್ಲಾರಾ, ಸನ್ನಿವೇಲ್ ಕಡೆ ಇರೋ ಕನ್ನಡದೋರಿಗಂತೂ ಫಾರ್ಟಿನೈನರ್ಸ್ ಆಡೋ ಲೀವೈಸ್ ಸ್ಟೇಡಿಯಮ್ ಮನೆ ಹತ್ರಾನೇ ಇರೋದ್ರಿಂದ ಈ ವಾದ ವೀಕೆಂಡ್ ಊಟದ ಹೊತ್ತಿಗೂ ಬಂದು ಕೂರತ್ತೆ. ಅದಕ್ಕೇ ಯಾವ ಪೊಸಿಷನ್ನ ಮೊದಲ ರೌಂಡಲ್ಲೇ ತಗೋಬೇಕು, ಯಾವ್ದಕ್ಕೆ ಕಾದ್ರೂ ನಡೆಯತ್ತೆ ಅಂತ ಇಲ್ಲಿ ಹೋಲಿಸಿ ಬರೀತಾ ಇದೀನಿ.

ಹೊಸದಾಗಿ ನೋಡೋರಿಗೆ ಒಂದ್ ಮಾತು. ಡ್ರಾಫ್ಟ್ ಅಂದ್ರೆ ಕಾಲೇಜಿಂದ ಬರೋ ಹೊಸ ಆಟಗಾರರನ್ನ ಟೀಮ್‌ಗಳು ಆರಿಸ್ಕೊಳೋದು, ಅದು ಐಪಿಎಲ್ ಆಕ್ಷನ್ ಥರ ಇರಲ್ಲ. ಆಕ್ಷನ್‌ನಲ್ಲಿ ಪರ್ಸಲ್ಲಿ ದುಡ್ಡಿದ್ರೆ ಯಾರಿಗೆ ಬೇಕಾದ್ರೂ ಕೂಗ್ಬಹುದು, ಇಲ್ಲಿ ಸರದಿ ಪ್ರಕಾರ ಆರಿಸ್ಬೇಕು. ಹೋದ ಸೀಸನ್ ತೀರಾ ಕೆಟ್ಟದಾಗಿ ಆಡಿದ ಟೀಮ್‌ಗೆ ಮೊದಲ ಪಿಕ್, ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದೋರಿಗೆ ರೌಂಡಿನ ಕೊನೇ ಪಿಕ್, 32 ಟೀಮ್, 7 ರೌಂಡ್, ಮೂರು ದಿನ. ಪಿಕ್‌ಗಳನ್ನೇ ಒಬ್ಬರಿಗೊಬ್ಬರು ಅದಲು ಬದಲು ಮಾಡ್ಕೋಬಹುದು, ಮುಂದಿನ ವರ್ಷದ ಪಿಕ್ಕನ್ನೂ ಕೊಡ್ಬಹುದು, ಅಲ್ಲೇ ಮಜಾ ಮತ್ತು ಅಲ್ಲೇ ಅನಾಹುತ ಎರಡೂ.

ಈಗ ವಿಷಯಕ್ಕೆ. ಸುಮಾರು ಜನ "ನಮ್ ಟೀಮಲ್ಲಿ ಯಾವ ಜಾಗ ವೀಕು" ಅಂತ ಶುರು ಮಾಡ್ತಾರೆ. ನನ್ ಪ್ರಕಾರ ಅದು ಎರಡನೇ ಪ್ರಶ್ನೆ. ಯಾವ ಜಾಗಕ್ಕೆ ಹೊರಗಡೆ ದುಡ್ಡು ಸುರಿದ್ರೂ ಒಳ್ಳೇ ಆಟಗಾರ ಸಿಗಲ್ಲವೋ ಆ ಜಾಗಕ್ಕೆ ಡ್ರಾಫ್ಟ್ ಪಿಕ್ ಇಡ್ಬೇಕು, ಹೊರಗಡೆ ಸುಲಭವಾಗಿ ಸಿಗೋದಕ್ಕೆ ಇಡಬಾರ್ದು. ಇದು ಅರ್ಥ ಆಗ್ಬೇಕು ಅಂದ್ರೆ ಮೊದಲು ಸಂಬಳದ ಲೆಕ್ಕ ನೋಡ್ಬೇಕು.

ಸಂಬಳದ ಲೆಕ್ಕ

2010ರಲ್ಲಿ ಮೊದಲ ಪಿಕ್ ಆಗಿ ರಾಮ್ಸ್ ಸೇರಿದ ಸ್ಯಾಮ್ ಬ್ರಾಡ್‌ಫರ್ಡ್‌ಗೆ 6 ವರ್ಷಕ್ಕೆ 7.8 ಕೋಟಿ ಡಾಲರ್ ಕಾಂಟ್ರಾಕ್ಟ್, ಅದ್ರಲ್ಲಿ 5 ಕೋಟಿ ಗ್ಯಾರಂಟಿ. ಒಂದೂ ಮ್ಯಾಚ್ ಆಡಿರ್ಲಿಲ್ಲ ಇನ್ನೂ! ಮರುವರ್ಷ ಆಟಗಾರರ ಯೂನಿಯನ್ ಜೊತೆ ಲೀಗ್ ಹೊಸ ಒಪ್ಪಂದ ಮಾಡ್ಕೊಂಡು ರೂಕಿಗಳ, ಅಂದ್ರೆ ಹೊಸದಾಗಿ ಲೀಗಿಗೆ ಬರೋ ಆಟಗಾರರ ಸಂಬಳಕ್ಕೆ ಮಿತಿ ಹಾಕ್ತು, 2011ರ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು 4 ವರ್ಷಕ್ಕೆ ಸುಮಾರು 2.2 ಕೋಟಿ ಅಷ್ಟೇ. ಆವತ್ತಿಂದ ಡ್ರಾಫ್ಟ್ ಆದ ಹುಡುಗನ ಸಂಬಳ ಅವನ ಪಿಕ್ ನಂಬರ್ ಮೇಲೆ ನಿಂತಿದೆ, ಅವನು ಯಾವ ಜಾಗದಲ್ಲಿ ಆಡ್ತಾನೆ ಅನ್ನೋದ್ರ ಮೇಲಲ್ಲ. ಆರನೇ ಪಿಕ್ಕಲ್ಲಿ ಕ್ವಾರ್ಟರ್‌ಬ್ಯಾಕ್ ತಗೊಂಡ್ರೂ ಅಷ್ಟೇ, ಬಾಲ್ ಹಿಡ್ಕೊಂಡು ಓಡೋ ರನ್ನಿಂಗ್ ಬ್ಯಾಕ್ ತಗೊಂಡ್ರೂ ಅಷ್ಟೇ, ಡಿಫೆನ್ಸಲ್ಲಿ ಹಿಂದೆ ನಿಲ್ಲೋ ಸೇಫ್ಟಿ ತಗೊಂಡ್ರೂ ಅಷ್ಟೇ. ನಾಲ್ಕು ವರ್ಷ ಆ ರೇಟು, ಮೊದಲ ರೌಂಡಿನೋರಿಗೆ ಟೀಮ್ ಇಷ್ಟಪಟ್ರೆ ಐದನೇ ವರ್ಷಕ್ಕೂ ಹಿಡ್ಕೊಳೋ ಆಪ್ಷನ್ ಇರತ್ತೆ, ಆ ವರ್ಷದ ಸಂಬಳ ಮಾತ್ರ ಜಾಸ್ತಿ.

ಆದ್ರೆ ಹೊರಗಿನ ಮಾರ್ಕೆಟ್ಟಲ್ಲಿ ಎಲ್ಲಾ ಒಂದೇ ರೇಟ್ ಅಲ್ಲ. 2024, 2025ರಲ್ಲಿ ಆದ ದೊಡ್ಡ ಕಾಂಟ್ರಾಕ್ಟ್‌ಗಳನ್ನ ವರ್ಷದ ಸರಾಸರಿ ಲೆಕ್ಕದಲ್ಲಿ ನೋಡಿ. ಕ್ವಾರ್ಟರ್‌ಬ್ಯಾಕ್ ಡಾಕ್ ಪ್ರೆಸ್ಕಾಟ್‌ಗೆ 6 ಕೋಟಿ ಡಾಲರ್. ಪಕ್ಕದಿಂದ ಎದುರು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋ ಎಡ್ಜ್ ರಷರ್ ಮೈಕಾ ಪಾರ್ಸನ್ಸ್‌ಗೆ 4.7 ಕೋಟಿ. ರಿಸೀವರ್ ಜಮಾರ್ ಚೇಸ್‌ಗೆ 4 ಕೋಟಿ ಚಿಲ್ಲರೆ. ಒಳಗಿನ ಡಿಫೆನ್ಸಿವ್ ಟ್ಯಾಕಲ್ ಕ್ರಿಸ್ ಜೋನ್ಸ್‌ಗೆ 3 ಕೋಟಿ ಮೇಲೆ, ರಿಸೀವರ್‌ಗಳನ್ನ ತಡೆಯೋ ಕಾರ್ನರ್‌ಬ್ಯಾಕ್ ಸಾಸ್ ಗಾರ್ಡ್ನರ್‌ಗೆ 3 ಕೋಟಿ, ಲೈನಿನ ತುದೀಲಿ ನಿಲ್ಲೋ ಆಫೆನ್ಸಿವ್ ಟ್ಯಾಕಲ್ ಪೆನೇ ಸೂವೆಲ್‌ಗೆ 2.8 ಕೋಟಿ. ಅಲ್ಲಿಂದ ಕೆಳಗೆ ಬಂದ್ರೆ ಲೈನಿನ ಮಧ್ಯದಲ್ಲಿ ನಿಲ್ಲೋ ಸೆಂಟರ್ ಕ್ರೀಡ್ ಹಂಫ್ರಿಗೆ 1.8 ಕೋಟಿ, ಲೈನ್ ಪಕ್ಕ ನಿಂತು ತಡೆಯೋದೂ ಬಾಲ್ ಹಿಡಿಯೋದೂ ಎರಡೂ ಮಾಡೋ ಟೈಟ್ ಎಂಡ್ ಜಾರ್ಜ್ ಕಿಟಲ್‌ಗೆ 1.9 ಕೋಟಿ. 2024ರಲ್ಲಿ ಸಾಕ್ವಾನ್ ಬಾರ್ಕ್ಲಿಯಂಥ ರನ್ನಿಂಗ್ ಬ್ಯಾಕ್ ಈಗಲ್ಸ್‌ಗೆ ಸಿಕ್ಕಿದ್ದು ವರ್ಷಕ್ಕೆ 1.26 ಕೋಟಿ ಹತ್ರಕ್ಕೆ.

2025ರ ಸ್ಯಾಲರಿ ಕ್ಯಾಪ್, ಅಂದ್ರೆ ಒಂದು ಟೀಮಿನ ಒಟ್ಟು ಸಂಬಳದ ಮಿತಿ, 27.92 ಕೋಟಿ, ಇಷ್ಟರಲ್ಲೇ 50ಕ್ಕೂ ಹೆಚ್ಚು ಜನರ ಟೀಮ್ ಕಟ್ಬೇಕು. 2023ರಲ್ಲಿ ಎರಡನೇ ಪಿಕ್ ಆದ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್‌ಗೆ ನಾಲ್ಕೂ ವರ್ಷ ಸೇರಿ ಸುಮಾರು 3.6 ಕೋಟಿ, ಅಂದ್ರೆ ಹೊರಗಡೆ ಒಂದು ವರ್ಷಕ್ಕೆ ಆರು ಕೋಟಿ ಕೇಳೋ ಜಾಗಕ್ಕೆ ಇಲ್ಲಿ ವರ್ಷಕ್ಕೆ ಒಂದು ಕೋಟಿನೂ ಇಲ್ಲ. ಉಳಿದ ದುಡ್ಡು ಲೈನ್‌ಗೆ, ಡಿಫೆನ್ಸ್‌ಗೆ ಹೋಗತ್ತೆ. 2025ರಲ್ಲಿ ರೈಡರ್ಸ್ ಆರನೇ ಪಿಕ್ಕಲ್ಲಿ ರನ್ನಿಂಗ್ ಬ್ಯಾಕ್ ಆಷ್ಟನ್ ಜೆಂಟಿನ ತಗೊಂಡಾಗ ಅವನಿಗೂ ಹೆಚ್ಚುಕಮ್ಮಿ ಅದೇ 3.6 ಕೋಟಿ, ಅಂದ್ರೆ ವರ್ಷಕ್ಕೆ ಸುಮಾರು 90 ಲಕ್ಷ ಡಾಲರ್. ಈಗಲ್ಸ್ ಬಾರ್ಕ್ಲಿಗೆ ಕೊಟ್ಟಿದ್ದಕ್ಕಿಂತ ಬಹಳ ಕಮ್ಮಿ ಏನಿಲ್ಲ ಅದು. ಹುಡುಗ ಚೆನ್ನಾಗಿ ಆಡ್ಬಹುದು, ಆದ್ರೆ ಉಳಿತಾಯ ಎಲ್ಲಿ ಬಂತು?

2021ರ ಡ್ರಾಫ್ಟ್ ಒಂದೇ ಸಾಕು

ಈ ಪೊಸಿಷನ್ ವಾದಕ್ಕೆ ಉದಾಹರಣೆ ಬೇಕು ಅಂದ್ರೆ ನಾನು ಯಾವಾಗ್ಲೂ 2021ರ ಡ್ರಾಫ್ಟನ್ನೇ ಹೇಳೋದು, ಯಾಕಂದ್ರೆ ಒಂದೇ ರೌಂಡಲ್ಲಿ ಎಲ್ಲಾ ಥರದ ಆಯ್ಕೆನೂ ಇತ್ತು, ಟೀಮ್‌ಗಳು ಬೇರೆ ಬೇರೆ ದಾರಿ ಹಿಡಿದ್ವು, ಈಗ ಫಲಿತಾಂಶವೂ ಕಣ್ಮುಂದೆ ಇದೆ. ಮೊದಲ ಮೂರೂ ಕ್ವಾರ್ಟರ್‌ಬ್ಯಾಕ್‌ಗಳೇ: ಜಾಗ್ವಾರ್ಸ್‌ಗೆ ಟ್ರೆವರ್ ಲಾರೆನ್ಸ್, ಜೆಟ್ಸ್‌ಗೆ ಜಾಕ್ ವಿಲ್ಸನ್, ಫಾರ್ಟಿನೈನರ್ಸ್‌ಗೆ ಟ್ರೇ ಲಾನ್ಸ್. ನಾಲ್ಕನೇದು ಫಾಲ್ಕನ್ಸ್‌ಗೆ ಟೈಟ್ ಎಂಡ್ ಕೈಲ್ ಪಿಟ್ಸ್. ಐದು ಬೆಂಗಾಲ್ಸ್‌ಗೆ ರಿಸೀವರ್ ಜಮಾರ್ ಚೇಸ್, ಏಳು ಲಯನ್ಸ್‌ಗೆ ಟ್ಯಾಕಲ್ ಪೆನೇ ಸೂವೆಲ್, ಒಂಬತ್ತು ಬ್ರಾಂಕೋಸ್‌ಗೆ ಕಾರ್ನರ್ ಪ್ಯಾಟ್ ಸರ್ಟೇನ್, ಹನ್ನೆರಡು ಕೌಬಾಯ್ಸ್‌ಗೆ ಮೈಕಾ ಪಾರ್ಸನ್ಸ್. ಹನ್ನೊಂದು ಮತ್ತು ಹದಿನೈದರಲ್ಲಿ ಇನ್ನೂ ಇಬ್ರು ಕ್ವಾರ್ಟರ್‌ಬ್ಯಾಕ್, ಬೇರ್ಸ್‌ಗೆ ಜಸ್ಟಿನ್ ಫೀಲ್ಡ್ಸ್, ಪೇಟ್ರಿಯಟ್ಸ್‌ಗೆ ಮ್ಯಾಕ್ ಜೋನ್ಸ್. 24ನೇ ಪಿಕ್ಕಲ್ಲಿ ಸ್ಟೀಲರ್ಸ್ ರನ್ನಿಂಗ್ ಬ್ಯಾಕ್ ನಾಜೀ ಹ್ಯಾರಿಸ್‌ನ ತಗೊಂಡ್ರು. ಇವ್ರೆಲ್ಲರೂ ಕೆಳಗೆ ಬರ್ತಾರೆ.

ಕ್ವಾರ್ಟರ್‌ಬ್ಯಾಕ್: ಬೇಕೇ ಬೇಕು, ಆದ್ರೆ ಯಾವ ಬೆಲೆಗೆ

ಆ ಐದು ಕ್ವಾರ್ಟರ್‌ಬ್ಯಾಕ್‌ಗಳಲ್ಲಿ 2024ರ ಸೀಸನ್ ಶುರು ಆಗೋ ಹೊತ್ತಿಗೆ ತನ್ನನ್ನ ಆರಿಸಿದ ಟೀಮಲ್ಲೇ ಉಳಿದಿದ್ದು ಲಾರೆನ್ಸ್ ಒಬ್ನೇ. ಬಾಕಿ ನಾಲ್ಕೂ ಜನ ಬೇರೆ ಟೀಮ್‌ಗೆ ಟ್ರೇಡ್ ಆಗಿ ಹೋಗಿದ್ರು. ಮೊದಲ ಹದಿನೈದರಲ್ಲಿ ಐದು, ಉಳಿದಿದ್ದು ಒಂದು.

ಇದನ್ನ ನೋಡಿ "ಹಂಗಾದ್ರೆ ಕ್ವಾರ್ಟರ್‌ಬ್ಯಾಕ್ ತಗೊಳೋದೇ ಬೇಡ" ಅನ್ನೋರಿದ್ದಾರೆ, ಅದು ತಪ್ಪು. ಅದಕ್ಕೆ ಬ್ರಾಂಕೋಸ್ ಕಥೆ ನೋಡಿ. ಫೀಲ್ಡ್ಸ್, ಜೋನ್ಸ್ ಇಬ್ರೂ ಸಿಗ್ತಾ ಇದ್ರೂ ಬಿಟ್ಟು ಸರ್ಟೇನ್‌ನ ತಗೊಂಡ್ರು, ಅವನು 2024ರಲ್ಲಿ ಇಡೀ ಲೀಗಿನ ಬೆಸ್ಟ್ ಡಿಫೆನ್ಸಿವ್ ಪ್ಲೇಯರ್ ಪ್ರಶಸ್ತಿ ತಗೊಂಡ, ಅಂದ್ರೆ ಆಯ್ಕೆಯಲ್ಲಿ ಒಂದು ಚೂರೂ ತಪ್ಪಿಲ್ಲ. ಆದ್ರೂ ಟೀಮ್ ಪ್ಲೇಆಫ್ ಮುಖ ನೋಡಿದ್ದು ಯಾವಾಗ? 2024ರಲ್ಲೇ, ಬೋ ನಿಕ್ಸ್ ಅನ್ನೋ ಕ್ವಾರ್ಟರ್‌ಬ್ಯಾಕ್‌ನ 12ನೇ ಪಿಕ್ಕಲ್ಲಿ ತಗೊಂಡ ಮೇಲೆ. ಮಧ್ಯದಲ್ಲಿ 2022ರಲ್ಲಿ ಹೊರಗಡೆಯಿಂದ ರಸಲ್ ವಿಲ್ಸನ್‌ನ ತರೋಕೆ ಎರಡು ಮೊದಲ ರೌಂಡ್ ಪಿಕ್, ಎರಡು ಎರಡನೇ ರೌಂಡ್ ಪಿಕ್, ಮೂವರು ಆಟಗಾರರನ್ನ ಕೊಟ್ರು, ಮೇಲೆ ದೊಡ್ಡ ಕಾಂಟ್ರಾಕ್ಟ್ ಬೇರೆ. ಎರಡೇ ಸೀಸನ್ನಲ್ಲಿ ಬಿಟ್ಟು ಕಳಿಸ್ಬೇಕಾಯ್ತು, ಕ್ಯಾಪ್ ಮೇಲೆ 8.5 ಕೋಟಿ ಡಾಲರ್ ಹೊರೆ ಉಳೀತು. ಹೊರಗಡೆ ಒಳ್ಳೇ ಕ್ವಾರ್ಟರ್‌ಬ್ಯಾಕ್ ಸಿಗಲ್ಲ ಅಂತ ನಾನು ಹೇಳೋದು ಇದನ್ನೇ ನೋಡಿ. ಯಾವ ಟೀಮೂ ಚೆನ್ನಾಗಿರೋನ್ನ ಸುಮ್ನೆ ಬಿಟ್ಟುಕೊಡಲ್ಲ. ಮ್ಯಾಥ್ಯೂ ಸ್ಟಾಫರ್ಡ್‌ನ ರಾಮ್ಸ್ ಟ್ರೇಡಲ್ಲಿ ತಂದು ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದಿದ್ದು ಅಪರೂಪದ್ದು, ಅದನ್ನ ನಂಬ್ಕೊಂಡು ಪ್ಲಾನ್ ಮಾಡೋಕಾಗಲ್ಲ.

ಹಂಗಾಗಿ ಕ್ವಾರ್ಟರ್‌ಬ್ಯಾಕ್ ಇಲ್ದೇ ಇರೋ ಟೀಮ್‌ಗೆ ಮೇಲಿನ ಪಿಕ್ ಬಂದಿದೆ, ಅಲ್ಲಿ ನಂಬಿಕೆ ಬರೋ ಹುಡುಗ ಇದಾನೆ ಅಂದ್ರೆ ಯೋಚ್ನೆನೇ ಬೇಡ, ತಗೊಳ್ಳಿ. ಅನಾಹುತ ಆಗೋದು ಇನ್ನೊಂದು ಥರದಲ್ಲಿ, ಇರೋ ಬರೋ ಪಿಕ್ಕೆಲ್ಲ ಒತ್ತೆ ಇಟ್ಟು ಮೇಲಕ್ಕೆ ಹತ್ತಿ ಒಬ್ಬನ್ನ ಹಿಡಿಯೋದ್ರಲ್ಲಿ. ಫಾರ್ಟಿನೈನರ್ಸ್ 2021ರಲ್ಲಿ 12ನೇ ಜಾಗದಿಂದ 3ಕ್ಕೆ ಹತ್ತೋಕೆ ಆ ವರ್ಷದ್ದೂ ಸೇರಿ ಮೂರು ವರ್ಷದ ಮೊದಲ ರೌಂಡ್ ಪಿಕ್ ಕೊಟ್ರು, ಜೊತೆಗೊಂದು ಮೂರನೇ ರೌಂಡ್ ಪಿಕ್ಕು. ಬಂದಿದ್ದು ಲಾನ್ಸ್. 2023ರ ಆಗಸ್ಟಲ್ಲಿ ಅವನನ್ನ ಕೌಬಾಯ್ಸ್‌ಗೆ ಒಂದು ನಾಲ್ಕನೇ ರೌಂಡ್ ಪಿಕ್‌ಗೆ ಕೊಟ್ಟು ಕಳಿಸಿದ್ರು. ಅವರು ಬಿಟ್ಟುಕೊಟ್ಟ ಆ 12ನೇ ಪಿಕ್ ಕೈಯಿಂದ ಕೈಗೆ ಹೋಗಿ ಕೊನೆಗೆ ಕೌಬಾಯ್ಸ್ ಹತ್ರ ಬಂತು, ಅಲ್ಲಿ ಆರಿಸಿದ್ದು ಯಾರನ್ನ ಅಂದ್ರೆ ಮೈಕಾ ಪಾರ್ಸನ್ಸ್‌ನ. ಫಾರ್ಟಿನೈನರ್ಸ್ ಬಚಾವ್ ಆಗಿದ್ದು 2022ರ ಡ್ರಾಫ್ಟಿನ ಕೊಟ್ಟಕೊನೇ ಪಿಕ್, 262ನೇದು, ಬ್ರಾಕ್ ಪರ್ಡಿಯಿಂದ. ವರ್ಷಕ್ಕೆ 10 ಲಕ್ಷ ಡಾಲರ್‌ಗೂ ಕಮ್ಮಿ ಸಂಬಳದ ಹುಡುಗ ಟೀಮನ್ನ ಸೂಪರ್ ಬೌಲ್ ಫೈನಲ್‌ಗೆ ಕರ್ಕೊಂಡು ಹೋದ. ಆದ್ರೆ ಕೊನೇ ಪಿಕ್ಕಲ್ಲಿ ಪರ್ಡಿ ಸಿಗ್ತಾನೆ ಅಂತ ಯಾರಾದ್ರೂ ವಾದ ಮಾಡಿದ್ರೆ ದಯವಿಟ್ಟು ಒಪ್ಕೋಬೇಡಿ, ಪರ್ಡಿ ಅಥವಾ 2000ರಲ್ಲಿ 199ನೇ ಪಿಕ್ ಆದ ಟಾಮ್ ಬ್ರೇಡಿ ಥರದೋರು ಎಷ್ಟು ಅಪರೂಪ ಅನ್ನೋದಕ್ಕೇ ಅವರ ಹೆಸರು ಇನ್ನೂ ಬಾಯಲ್ಲಿದೆ.

2023 ಇನ್ನೂ ಸ್ಪಷ್ಟ. ಪ್ಯಾಂಥರ್ಸ್ ಮೊದಲ ಪಿಕ್‌ಗೆ ಹತ್ತೋಕೆ ಬೇರ್ಸ್‌ಗೆ ತಮ್ಮ ಒಳ್ಳೇ ರಿಸೀವರ್ ಡಿ.ಜೆ. ಮೂರ್‌ನ ಕೊಟ್ರು, 9ನೇ ಪಿಕ್, 61ನೇ ಪಿಕ್, 2024ರ ಮೊದಲ ರೌಂಡ್, 2025ರ ಎರಡನೇ ರೌಂಡ್ ಕೊಟ್ರು, ಬ್ರೈಸ್ ಯಂಗ್‌ನ ತಗೊಂಡ್ರು. ಹುಡುಗನಿಗೆ ಬಾಲ್ ಎಸೆಯೋಕೆ ಹೇಳ್ಕೊಳೋಂಥ ರಿಸೀವರ್ ಇಲ್ಲ, ಲೈನ್ ನಿಲ್ಲಲ್ಲ, ಆ ಸೀಸನ್ 2 ಗೆಲುವು 15 ಸೋಲು, ಅವರು ಕೊಟ್ಟಿದ್ದ 2024ರ ಪಿಕ್ಕೇ ಇಡೀ ಡ್ರಾಫ್ಟಿನ ನಂಬರ್ ಒನ್ ಆಯ್ತು, ಬೇರ್ಸ್ ಅದ್ರಲ್ಲಿ ಕೇಲಬ್ ವಿಲಿಯಮ್ಸ್‌ನ ತಗೊಂಡ್ರು. ಯಂಗ್‌ನ ಆರಿಸಿದ 2023ರ ಅದೇ ರಾತ್ರಿ ಟೆಕ್ಸನ್ಸ್ ಏನ್ ಮಾಡಿದ್ರು? ಎರಡನೇ ಪಿಕ್ ಅವರದ್ದೇ ಇತ್ತು, ಸ್ಟ್ರೌಡ್‌ನ ತಗೊಂಡ್ರು, ಆಮೇಲೆ 12ರಿಂದ 3ಕ್ಕೆ ಹತ್ತಿ ಎಡ್ಜ್ ರಷರ್ ವಿಲ್ ಆಂಡರ್ಸನ್‌ನೂ ತಗೊಂಡ್ರು. ಇಬ್ರಿಗೂ ಆ ವರ್ಷದ ಬೆಸ್ಟ್ ರೂಕಿ ಪ್ರಶಸ್ತಿ, ಒಬ್ಬನಿಗೆ ಆಫೆನ್ಸಲ್ಲಿ ಇನ್ನೊಬ್ಬನಿಗೆ ಡಿಫೆನ್ಸಲ್ಲಿ, ಟೀಮ್ 10-7 ಮಾಡಿ ಡಿವಿಷನ್ ಗೆಲ್ತು. ಕ್ವಾರ್ಟರ್‌ಬ್ಯಾಕ್ ಒಬ್ಬನ್ನೇ ತಂದು ಮಿಕ್ಕಿದ್ದೆಲ್ಲ ಮಾರೋದು ಬೇರೆ, ಕ್ವಾರ್ಟರ್‌ಬ್ಯಾಕ್ ಜೊತೆ ಇನ್ನೊಂದು ದುಬಾರಿ ಜಾಗನೂ ತುಂಬೋದು ಬೇರೆ.

ರಿಸೀವರಾ ಟ್ಯಾಕಲಾ: ಚೇಸ್ ಮತ್ತು ಸೂವೆಲ್

ಇದೇ ಎಲ್ಲಕ್ಕಿಂತ ದೊಡ್ಡ ಜಗಳ, ನನಗೆ ತುಂಬಾ ಇಷ್ಟದ್ದೂ ಹೌದು. 2020ರ ಮೊದಲ ಪಿಕ್ ಜೋ ಬರೋ, ಬೆಂಗಾಲ್ಸ್ ಕ್ವಾರ್ಟರ್‌ಬ್ಯಾಕ್, ಮೊದಲ ಸೀಸನ್ನಲ್ಲೇ ಮಂಡಿ ಮುರ್ಕೊಂಡ. ಮುಂದಿನ ಡ್ರಾಫ್ಟಲ್ಲಿ ಐದನೇ ಪಿಕ್. ಎದುರಿಗೆ ಇಬ್ರು: ಬರೋನ ಕಾಲೇಜ್ ಜೊತೆಗಾರ ಚೇಸ್, ಇಲ್ಲಾಂದ್ರೆ ಅವನನ್ನ ಕಾಯೋಂಥ ದೈತ್ಯ ಸೂವೆಲ್. ಮಂಡಿ ಹೋದೋನಿಗೆ ಮೊದಲು ಕಾವಲು ಕೊಡಿ ಅಂತ ಎಷ್ಟೋ ಜನ ಬಡ್ಕೊಂಡ್ರು. ಬೆಂಗಾಲ್ಸ್ ಚೇಸ್‌ನ ತಗೊಂಡ್ರು.

ಆ ಸೀಸನ್ ಚೇಸ್ 1,455 ಯಾರ್ಡ್, 13 ಟಚ್‌ಡೌನ್, ಬೆಸ್ಟ್ ಆಫೆನ್ಸಿವ್ ರೂಕಿ. ಟೀಮ್ ಸೀದಾ ಸೂಪರ್ ಬೌಲ್‌ಗೆ. ಆದ್ರೆ ಅದೇ ಸೀಸನ್ ಬರೋ 51 ಸಲ ಸ್ಯಾಕ್ ಆದ, ಅಂದ್ರೆ ಬಾಲ್ ಎಸೆಯೋ ಮುಂಚೆನೇ ಎದುರಾಳಿಗಳು ಕೆಡವಿದ್ರು, ಲೀಗಲ್ಲೇ ಜಾಸ್ತಿ, ಪ್ಲೇಆಫಲ್ಲಿ ಟೈಟನ್ಸ್ ವಿರುದ್ಧ ಒಂದೇ ಮ್ಯಾಚಲ್ಲಿ 9 ಸಲ, ಫೈನಲ್ಲಲ್ಲಿ 7 ಸಲ.

ಆ ಫೈನಲ್ಲಿನ ಕೊನೇ ಗಳಿಗೆ ಮತ್ತೆ ಹಾಕ್ಕೊಂಡು ನೋಡಿ. 2022ರ ಫೆಬ್ರವರಿ, ರಾಮ್ಸ್ 23-20 ಮುಂದೆ, ಒಂದು ನಿಮಿಷಕ್ಕಿಂತ ಕಮ್ಮಿ ಟೈಮು, ಬೆಂಗಾಲ್ಸ್‌ಗೆ ಫೋರ್ತ್ ಡೌನ್, ಅಂದ್ರೆ ನಾಲ್ಕರಲ್ಲಿ ಕೊನೇ ಪ್ರಯತ್ನ, ಬೇಕಾಗಿರೋದು ಒಂದೇ ಯಾರ್ಡು. ಬಾಲ್ ಬರೋ ಕೈಗೆ ಬರತ್ತೆ, ಆ ಕಡೆ ಚೇಸ್ ಕಾರ್ನರ್ ಜೇಲನ್ ರಾಮ್ಸೀನ ದಾಟ್ಕೊಂಡು ಓಡ್ತಾ ಇದಾನೆ, ಮುಂದೆ ಬಯಲು. ಇನ್ನೊಂದು ಕ್ಷಣ ಸಿಕ್ಕಿದ್ರೆ ಸಾಕಿತ್ತು. ಆದ್ರೆ ಅಷ್ಟೊತ್ತಿಗೆ ರಾಮ್ಸ್ ಡಿಫೆನ್ಸಿವ್ ಟ್ಯಾಕಲ್ ಆರನ್ ಡಾನಲ್ಡ್ ಒಳಗಡೆಯಿಂದ, ಸೆಂಟರ್ ಪಕ್ಕ ನಿಲ್ಲೋ ಗಾರ್ಡನ್ನ ದಾಟಿ ಬಂದು ಬರೋನ ಹಿಡಿದು ತಿರುಗಿಸ್ತಾ ಇದಾನೆ, ಬರೋ ಬೀಳ್ತಾ ಬೀಳ್ತಾ ಬಾಲ್ ಎಸೀತಾನೆ, ಯಾರ ಕೈಗೂ ಸಿಗದೆ ನೆಲಕ್ಕೆ ಬೀಳತ್ತೆ, ಮ್ಯಾಚ್ ಮುಗೀತು.

ಈ ಒಂದು ಆಟವನ್ನ ಎರಡೂ ಕಡೆಯೋರು ತಮ್ಮ ಸಾಕ್ಷಿ ಅಂತ ತೋರಿಸ್ತಾರೆ. ನಾನು ಅದ್ರಲ್ಲಿ ನೋಡೋದು ಬೇರೆ: ಡಾನಲ್ಡ್ ಬಂದಿದ್ದು ಟ್ಯಾಕಲ್ ನಿಲ್ಲೋ ಹೊರಗಡೆಯಿಂದ ಅಲ್ಲ, ಮಧ್ಯದಿಂದ. ಅಲ್ಲಿ ಸೂವೆಲ್ ಟ್ಯಾಕಲ್ ಆಗಿ ನಿಂತಿದ್ರೂ ಆ ದಾರಿ ತೆರೆದೇ ಇರ್ತಿತ್ತು. ಐದನೇ ಪಿಕ್ಕಲ್ಲಿ ಚೇಸ್ ತಗೊಂಡಿದ್ದು ತಪ್ಪಲ್ಲ, 2024ರಲ್ಲಿ 127 ಕ್ಯಾಚ್, 1,708 ಯಾರ್ಡ್, 17 ಟಚ್‌ಡೌನ್ ಮೂರರಲ್ಲೂ ಲೀಗಿಗೇ ಮೊದಲಿಗ ಆದವನು ಅವನು. ಎಡವಟ್ಟಾಗಿದ್ದು ಆಮೇಲಿನ ರೌಂಡಲ್ಲಿ. ಎರಡನೇ ರೌಂಡಲ್ಲಿ ಅವರು 38ರಿಂದ 46ಕ್ಕೆ ಇಳಿದು ಜಾಕ್ಸನ್ ಕಾರ್ಮನ್ ಅನ್ನೋ ಲೈನ್‌ಮ್ಯಾನ್ ತಗೊಂಡ್ರು, ಅವನು ಕೈ ಹಿಡೀಲಿಲ್ಲ. ಅದೇ ಎರಡನೇ ರೌಂಡಲ್ಲಿ 63ನೇ ಪಿಕ್ ತನಕ ಒಬ್ಬ ಸೆಂಟರ್ ಉಳಿದಿದ್ದ, ಕ್ರೀಡ್ ಹಂಫ್ರಿ. ಚೀಫ್ಸ್ ತಗೊಂಡ್ರು.

ಚೀಫ್ಸ್ ಕಥೆ ಇಲ್ಲೇ ಹೇಳ್ಬೇಕು, ಯಾಕಂದ್ರೆ ಅವರು ಅದೇ ವರ್ಷ ತದ್ವಿರುದ್ಧ ದಾರಿ ಹಿಡಿದ್ರು. 2021ರ ಫೆಬ್ರವರಿ ಫೈನಲ್ಲಲ್ಲಿ ಅವರ ಇಬ್ರೂ ರೆಗ್ಯುಲರ್ ಟ್ಯಾಕಲ್‌ಗಳು ಗಾಯದಿಂದ ಹೊರಗಿದ್ರು, ಪ್ಯಾಟ್ರಿಕ್ ಮಹೋಮ್ಸ್ ಇಡೀ ರಾತ್ರಿ ಹಿಂದಕ್ಕೆ ಓಡ್ತಾ, ಅಡ್ಡಡ್ಡ ಹಾರ್ತಾ ಬಾಲ್ ಎಸೆದ, ಒಂದೂ ಟಚ್‌ಡೌನ್ ಬರ್ಲಿಲ್ಲ, ಬಕನೀರ್ಸ್ 31-9ರಲ್ಲಿ ಹೊಡೆದ್ರು. ಲೀಗಿನ ಬೆಸ್ಟ್ ಕ್ವಾರ್ಟರ್‌ಬ್ಯಾಕ್, ಟೈಟ್ ಎಂಡ್ ಟ್ರಾವಿಸ್ ಕೆಲ್ಸಿ, ರಿಸೀವರ್ ಟೈರೀಕ್ ಹಿಲ್ ಎಲ್ಲಾ ಇದ್ದೂ 9 ಪಾಯಿಂಟ್. ಮುಂದಿನ ಎರಡು ಮೂರು ತಿಂಗಳಲ್ಲಿ ಇಡೀ ಲೈನ್ ಬದಲಾಯಿಸಿದ್ರು: ಗಾರ್ಡ್ ಜೋ ಥೂನಿನ ಫ್ರೀ ಏಜೆನ್ಸಿಯಲ್ಲಿ (ಕಾಂಟ್ರಾಕ್ಟ್ ಮುಗಿದ ಆಟಗಾರರ ಮಾರ್ಕೆಟ್ಟಲ್ಲಿ), ಟ್ಯಾಕಲ್ ಒರ್ಲಾಂಡೋ ಬ್ರೌನ್‌ನ ಟ್ರೇಡಲ್ಲಿ, ಹಂಫ್ರಿನ 63ರಲ್ಲಿ, ಗಾರ್ಡ್ ಟ್ರೇ ಸ್ಮಿತ್‌ನ ಆರನೇ ರೌಂಡಲ್ಲಿ 226ನೇ ಪಿಕ್ಕಾಗಿ. ಎರಡು ವರ್ಷ ಆದ್ಮೇಲೆ 2023ರ ಫೈನಲ್ಲಲ್ಲಿ ಎದುರು ನಿಂತಿದ್ದು ಆ ಸೀಸನ್ 70 ಸ್ಯಾಕ್ ಮಾಡಿದ್ದ ಈಗಲ್ಸ್. ಆವತ್ತು ಮಹೋಮ್ಸ್ ಮೇಲೆ ಒಂದೂ ಸ್ಯಾಕ್ ಇಲ್ಲ, 38-35 ಗೆಲುವು.

ಇದ್ರಿಂದ ನಾನು ಹಿಡ್ಕೊಂಡಿರೋ ಲೆಕ್ಕ ಹೀಗೆ. ಗಾರ್ಡ್, ಸೆಂಟರ್ ಎರಡನೇ ರೌಂಡಿಂದ ಕೆಳಗೂ ಸಿಗ್ತಾರೆ, ಮಾರ್ಕೆಟ್ಟಲ್ಲೂ ಸಿಗ್ತಾರೆ. ನಿಜವಾದ ಒಳ್ಳೇ ಟ್ಯಾಕಲ್ ಮೊದಲ ರೌಂಡ್ ದಾಟಿದ್ರೆ ಕಷ್ಟ, ಹೊರಗಡೆ ಬರೋದೂ ಇಲ್ಲ, ಬಂದ್ರೆ ವಯಸ್ಸಾಗಿರತ್ತೆ. ರಿಸೀವರ್‌ಗಳು ಈಗ ಟ್ಯಾಕಲ್‌ಗಿಂತ ದುಬಾರಿ ಆಗಿದಾರೆ ನಿಜ, ಆದ್ರೆ ಕಾಲೇಜಿಂದ ವರ್ಷಾ ವರ್ಷಾ ಬರೋ ರಿಸೀವರ್‌ಗಳ ಸಂಖ್ಯೆನೂ ಜಾಸ್ತಿ: ಅಮಾನ್-ರಾ ಸೇಂಟ್ ಬ್ರೌನ್ 2021ರಲ್ಲಿ 112ನೇ ಪಿಕ್, ಪೂಕಾ ನಕೂವಾ 2023ರಲ್ಲಿ 177ನೇ ಪಿಕ್. ಹಂಗಾಗಿ ಚೇಸ್ ಥರ ಎಲ್ರಿಗಿಂತ ಮೇಲಿರೋನು ಇದ್ರೆ ರಿಸೀವರ್, ಇಲ್ಲಾಂದ್ರೆ ಮೊದಲ ರೌಂಡಲ್ಲಿ ಟ್ಯಾಕಲ್, ಎರಡು ಮೂರರಲ್ಲಿ ರಿಸೀವರ್. ಲಯನ್ಸ್ ಮಾಡಿದ್ದು ಇದನ್ನೇ ಅಲ್ವಾ, ಅದೇ 2021ರಲ್ಲಿ ಮೊದಲು ಸೂವೆಲ್, ನಾಲ್ಕನೇ ರೌಂಡಲ್ಲಿ ಸೇಂಟ್ ಬ್ರೌನ್, ಮರುವರ್ಷ ಎರಡನೇ ಪಿಕ್ಕಲ್ಲಿ ಎಡ್ಜ್ ರಷರ್ ಏಡನ್ ಹಚಿನ್ಸನ್. 2021ರಲ್ಲಿ 3 ಮ್ಯಾಚ್ ಗೆದ್ದಿದ್ದ ಟೀಮ್ 2024ರಲ್ಲಿ 15 ಗೆಲ್ತು. ಕ್ವಾರ್ಟರ್‌ಬ್ಯಾಕ್? ರಾಮ್ಸ್ ಬೇಡ ಅಂತ ಕೊಟ್ಟ ಜಾರೆಡ್ ಗಾಫ್. ಒಳ್ಳೇ ಲೈನ್ ಹಿಂದೆ ನಿಲ್ಸಿದ್ರೆ ಅವನೇ ಬೇರೆ ಆಟಗಾರ ಆದ.

ಎಡ್ಜ್ ರಷರ್ ಮತ್ತೆ ಕಾರ್ನರ್

ಎದುರು ಕ್ವಾರ್ಟರ್‌ಬ್ಯಾಕ್‌ನ ಓಡಿಸೋನು ಬೇಕೋ, ರಿಸೀವರ್‌ಗೆ ಅಂಟ್ಕೊಂಡು ನಿಲ್ಲೋನು ಬೇಕೋ ಅಂದ್ರೆ ನಾನು ಮೊದಲು ಓಡಿಸೋನ ಕಡೆ. ಕಾರ್ನರ್ ಎಷ್ಟೇ ಚೆನ್ನಾಗಿದ್ರೂ ಎದುರು ಟೀಮ್ ಅವನ ಕಡೆ ಎಸೆಯೋದನ್ನೇ ಬಿಟ್ಟು ಇನ್ನೊಂದು ಪಕ್ಕಕ್ಕೆ ಎಸೀಬಹುದು, ರಷರ್‌ನ ಹಂಗೆ ತಪ್ಪಿಸ್ಕೊಳೋಕೆ ಆಗಲ್ಲ. ಅವನು ಹತ್ರ ಬಂದ್ರೆ ಸಾಧಾರಣ ಕಾರ್ನರ್‌ಗಳೂ ಒಳ್ಳೆಯೋರಾಗಿ ಕಾಣ್ತಾರೆ. ಹೊರಗಡೆ ಬೆಲೆ ಎಷ್ಟು ಅನ್ನೋದಕ್ಕೆ 2025ರ ಆಗಸ್ಟಲ್ಲಿ ಪ್ಯಾಕರ್ಸ್ ಪಾರ್ಸನ್ಸ್‌ಗೋಸ್ಕರ ಕೊಟ್ಟಿದ್ದು ನೋಡಿ, ಎರಡು ಮೊದಲ ರೌಂಡ್ ಪಿಕ್, ಜೊತೆಗೆ ಕೆನಿ ಕ್ಲಾರ್ಕ್ ಅನ್ನೋ ಒಳ್ಳೇ ಡಿಫೆನ್ಸಿವ್ ಟ್ಯಾಕಲ್, ಮೇಲೆ 4 ವರ್ಷಕ್ಕೆ 18.8 ಕೋಟಿ ಡಾಲರ್. ಕೌಬಾಯ್ಸ್‌ಗೆ ಅವನು ಬಂದಿದ್ದು ಒಂದು 12ನೇ ಪಿಕ್ಕಿಗೆ.

ಕೆಳಗಿನ ರೌಂಡಲ್ಲೂ ರಷರ್ ಸಿಕ್ಕಿದ್ದಿದೆ, ಮ್ಯಾಕ್ಸ್ ಕ್ರಾಸ್ಬಿ 2019ರಲ್ಲಿ ನಾಲ್ಕನೇ ರೌಂಡು. ಕಾರ್ನರಲ್ಲಿ ರಿಚರ್ಡ್ ಶರ್ಮನ್ 2011ರಲ್ಲಿ ಐದನೇ ರೌಂಡು. ಸಿಕ್ಕಿದ್ರೆ ಅದೃಷ್ಟ, ಅಷ್ಟೇ. ಒಳಗಿನ ಡಿಫೆನ್ಸಿವ್ ಟ್ಯಾಕಲ್‌ನ ಜನ ಮರೀತಾರೆ, ಆದ್ರೆ ಡಾನಲ್ಡ್ 13ನೇ ಪಿಕ್, ಕ್ರಿಸ್ ಜೋನ್ಸ್ ಎರಡನೇ ರೌಂಡ್ 37ನೇ ಪಿಕ್. ಮಧ್ಯದಿಂದ ಕ್ವಾರ್ಟರ್‌ಬ್ಯಾಕ್ ಮುಖಕ್ಕೇ ನುಗ್ಗೋ ಅಂಥೋನು ಸಿಗ್ತಾನೆ ಅಂತ ಅನ್ಸಿದ್ರೆ ಎಡ್ಜ್‌ನೂ ಬಿಟ್ಟು ತಗೋಬಹುದು.

ರನ್ನಿಂಗ್ ಬ್ಯಾಕ್: ಕೊನೇಲಿ ಬರಲಿ

2018ರಲ್ಲಿ ಜೈಂಟ್ಸ್ ಎರಡನೇ ಪಿಕ್ಕಲ್ಲಿ ಸಾಕ್ವಾನ್ ಬಾರ್ಕ್ಲಿನ ತಗೊಂಡ್ರು. ಅದೇ ರೌಂಡಲ್ಲಿ ಆಮೇಲೆ ಏಳನೇದಾಗಿ ಜಾಶ್ ಆಲನ್, 32ನೇದಾಗಿ ಲಮಾರ್ ಜಾಕ್ಸನ್ ಹೋದ್ರು, ಇಬ್ರೂ ಮುಂದೆ ಎಂವಿಪಿ. ಬಾರ್ಕ್ಲಿ ಮೊದಲ ವರ್ಷವೇ ಓಟ ಕ್ಯಾಚು ಸೇರಿ 2,000 ಯಾರ್ಡ್ ದಾಟಿ ಬೆಸ್ಟ್ ಆಫೆನ್ಸಿವ್ ರೂಕಿ ಆದ, ಆದ್ರೆ ಟೀಮ್ 5-11. ಮುಂದೆ ಮಂಡಿ ಗಾಯ, ಕಾಂಟ್ರಾಕ್ಟ್ ಗಲಾಟೆ, 2024ರಲ್ಲಿ ಈಗಲ್ಸ್‌ಗೆ ಹೋದ. ಅಲ್ಲಿ ಏನಾಯ್ತು? 2,005 ಯಾರ್ಡ್ ಓಟ, ಸೂಪರ್ ಬೌಲಲ್ಲಿ ಚೀಫ್ಸ್ ವಿರುದ್ಧ 40-22 ಗೆಲುವು. ಆಟಗಾರ ಅವನೇ, ಮುಂದೆ ನಿಂತ ಲೈನ್ ಬೇರೆ. ಈಗಲ್ಸ್ ಲೇನ್ ಜಾನ್ಸನ್‌ನ 2013ರಲ್ಲೇ ನಾಲ್ಕನೇ ಪಿಕ್ಕಲ್ಲಿ ತಗೊಂಡಿದ್ರು, ಲ್ಯಾಂಡನ್ ಡಿಕರ್ಸನ್, ಕ್ಯಾಮ್ ಜರ್ಗೆನ್ಸ್ ಇಬ್ರೂ ಎರಡನೇ ರೌಂಡು, ಜೋರ್ಡನ್ ಮೈಲಾಟಾ ಅಂತೂ ಆಸ್ಟ್ರೇಲಿಯಾದ ರಗ್ಬಿ ಹುಡುಗ, 2018ರಲ್ಲಿ 233ನೇ ಪಿಕ್. ವರ್ಷಗಟ್ಟಲೆ ಲೈನ್ ಕಟ್ಟಿ ಕಟ್ಟಿ ಕೊನೆಗೆ ರನ್ನಿಂಗ್ ಬ್ಯಾಕ್‌ನ ಮಾರ್ಕೆಟ್ಟಿಂದ ತಂದ್ರು. ನನ್ ಪ್ರಕಾರ ಸರಿಯಾದ ಕ್ರಮ ಇದೇ.

ನಾಜೀ ಹ್ಯಾರಿಸ್ ಕೂಡ ಕೆಟ್ಟ ಆಟಗಾರ ಏನಲ್ಲ, ಸ್ಟೀಲರ್ಸಲ್ಲಿ ನಾಲ್ಕು ಸೀಸನ್ನೂ 1,000 ಯಾರ್ಡ್ ದಾಟಿದ. ಆದ್ರೂ ಟೀಮೇ ಐದನೇ ವರ್ಷದ ಆಪ್ಷನ್ ಬೇಡ ಅಂತು, ಅವನು ಹೊರಟೋದ. 2022, 2024 ಎರಡು ಡ್ರಾಫ್ಟಲ್ಲೂ ಮೊದಲ ರೌಂಡಲ್ಲಿ ಒಬ್ಬನೂ ರನ್ನಿಂಗ್ ಬ್ಯಾಕ್ ಹೋಗ್ಲಿಲ್ಲ. ಡೆರಿಕ್ ಹೆನ್ರಿ ಎರಡನೇ ರೌಂಡು, ಆಲ್ವಿನ್ ಕಮಾರಾ ಮೂರನೇ ರೌಂಡು, ಕಾಯೋಕೆ ಧೈರ್ಯ ಬೇಕು ಅಷ್ಟೇ. ಮೊದಲ ರೌಂಡಲ್ಲಿ ತಗೊಳೋದಕ್ಕೆ ನಾನು ಒಪ್ಪೋದು ಒಂದೇ ಸಂದರ್ಭ, ಲೈನ್ ಆಗ್ಲೇ ಗಟ್ಟಿ ಇದೆ, ಕ್ವಾರ್ಟರ್‌ಬ್ಯಾಕ್ ಇದಾನೆ ಅನ್ನೋವಾಗ. 2023ರಲ್ಲಿ ಲಯನ್ಸ್ 12ನೇ ಪಿಕ್ಕಲ್ಲಿ ಜಮೀರ್ ಗಿಬ್ಸ್‌ನ ತಗೊಂಡಾಗ ತುಂಬಾ ಬೈಸ್ಕೊಂಡ್ರು, ಆದ್ರೆ ಅವರ ಲೈನ್ ಆಗ ರೆಡಿ ಇತ್ತು.

ಟೈಟ್ ಎಂಡ್‌ಗೂ ಹೆಚ್ಚುಕಮ್ಮಿ ಇದೇ ಮಾತು. ಪಿಟ್ಸ್ ನಾಲ್ಕನೇ ಪಿಕ್, ಮೊದಲ ವರ್ಷ 1,026 ಯಾರ್ಡ್ ಆದ್ರೂ ಟಚ್‌ಡೌನ್ ಒಂದೇ. ಕೆಲ್ಸಿ ಮೂರನೇ ರೌಂಡು, ಕಿಟಲ್ ಐದನೇ ರೌಂಡು. ಸೇಫ್ಟಿ, ಒಳಗಿನ ಲೈನ್‌ಬ್ಯಾಕರ್ ಎರಡನೇ ದಿನ ನೋಡ್ಕೊಂಡ್ರಾಯ್ತು. ಕಿಕ್ಕರ್‌ಗಂತೂ ಮೇಲಿನ ಪಿಕ್ ಕೊಡ್ಲೇಬೇಡಿ, 2016ರಲ್ಲಿ ಬಕನೀರ್ಸ್ ಎರಡನೇ ರೌಂಡಲ್ಲಿ ಮೇಲಕ್ಕೆ ಹತ್ತಿ ರಾಬರ್ಟೋ ಅಗ್ವಾಯೋನ ತಗೊಂಡ್ರು, ಒಂದೇ ಸೀಸನ್ ಆಡಿಸಿ ಬಿಟ್ರು. ಹೆಸರುವಾಸಿ ಕಿಕ್ಕರ್ ಜಸ್ಟಿನ್ ಟಕರ್ ಡ್ರಾಫ್ಟೇ ಆಗದೆ ಬಂದೋನು.

ನಿಮ್ ಟೀಮ್‌ಗೆ ಯಾವ್ದು

ಮೊದಲ ಐದರೊಳಗೆ ಪಿಕ್ ಇದೆ, ಕ್ವಾರ್ಟರ್‌ಬ್ಯಾಕ್ ಇಲ್ಲ, ಮನಸ್ಸಿಗೆ ಒಪ್ಪೋ ಹುಡುಗ ಇದಾನೆ, ಆಗ ಅವನೇ. ಹುಡುಗ ಒಪ್ಪಿಗೆ ಆಗ್ತಿಲ್ಲ ಅಂದ್ರೆ ಸುಮ್ನೆ ಯಾರನ್ನೋ ಹಿಡಿಯೋ ಬದಲು ಟ್ಯಾಕಲ್ ಅಥವಾ ಎಡ್ಜ್ ತಗೊಂಡು ಮುಂದಿನ ವರ್ಷಕ್ಕೆ ಕಾಯಿರಿ, ಅಷ್ಟರಲ್ಲಿ ಬರೋ ಹುಡುಗನಿಗೆ ನಿಲ್ಲೋಕೆ ಜಾಗ ರೆಡಿ ಇರತ್ತೆ.

ಹೋದ ವರ್ಷ ತಾನೇ ಹೊಸ ಕ್ವಾರ್ಟರ್‌ಬ್ಯಾಕ್ ತಗೊಂಡಿದೀರ ಅಂದ್ರೆ ಲೈನ್, ಆಮೇಲೆ ರಿಸೀವರ್. ಅವನ ಕಮ್ಮಿ ಸಂಬಳದ ನಾಲ್ಕು ವರ್ಷದಲ್ಲಿ ಒಂದು ಆಗ್ಲೇ ಹೋಗಿದೆ ಅನ್ನೋದು ನೆನಪಿರ್ಲಿ. ಕ್ವಾರ್ಟರ್‌ಬ್ಯಾಕ್‌ಗೆ ದೊಡ್ಡ ಕಾಂಟ್ರಾಕ್ಟ್ ಆಗ್ಲೇ ಕೊಟ್ಟಿರೋ ಟೀಮ್ ಆದ್ರೆ ಪಿಕ್ಕಿನ ಬೆಲೆ ಇನ್ನೂ ಜಾಸ್ತಿ, ಯಾಕಂದ್ರೆ ಅಗ್ಗದ ಆಟಗಾರರು ಬರೋದು ಅಲ್ಲಿಂದ ಮಾತ್ರ. ಅಂಥೋರು ಎಡ್ಜ್, ಕಾರ್ನರ್, ರಿಸೀವರ್ ಥರ ಹೊರಗಡೆ ದುಬಾರಿ ಇರೋ ಜಾಗಗಳನ್ನೇ ನೋಡ್ಬೇಕು. ಇನ್ನೊಂದು ಎಲ್ರೂ ಮರೆಯೋದು, ಈ ವರ್ಷದ ಖಾಲಿ ಜಾಗ ನೋಡೋದಕ್ಕಿಂತ ಮುಂದಿನ ಎರಡು ವರ್ಷದಲ್ಲಿ ಯಾರ ಕಾಂಟ್ರಾಕ್ಟ್ ಮುಗಿಯತ್ತೆ ಅಂತ ನೋಡಿ. ನಿಮ್ ಲೆಫ್ಟ್ ಟ್ಯಾಕಲ್‌ಗೆ 33 ವಯಸ್ಸಾಗಿದ್ರೆ ಈ ಸಲವೇ ಒಬ್ಬನ್ನ ತಂದು ಪಕ್ಕದಲ್ಲಿ ಕೂರಿಸ್ಬೇಕು.

ಯಾವ ಪೊಸಿಷನ್ ಅಂತ ನಿರ್ಧಾರನೇ ಆಗ್ತಿಲ್ಲ, ನಾಲ್ಕೈದು ಜನ ಒಂದೇ ಮಟ್ಟದಲ್ಲಿ ಕಾಣ್ತಾ ಇದಾರೆ ಅಂದ್ರೆ ಕೆಳಕ್ಕೆ ಇಳಿದು ಒಂದೆರಡು ಪಿಕ್ ಜಾಸ್ತಿ ತಗೊಳ್ಳಿ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, ಕೇಡ್ ಮ್ಯಾಸಿ ಜೊತೆ ಸೇರಿ ಇದನ್ನೇ ಅಧ್ಯಯನ ಮಾಡಿದ್ದಾರೆ: ಒಂದೇ ಪೊಸಿಷನಲ್ಲಿ ಮೊದಲು ಆಯ್ಕೆ ಆದೋನು ಅವನ ನಂತರ ಆಯ್ಕೆ ಆದೋನಿಗಿಂತ ಚೆನ್ನಾಗಿ ಆಡೋ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪವೇ ಮೇಲೆ, ಟೀಮ್‌ಗಳು ಮೇಲಿನ ಪಿಕ್‌ಗೆ ಕೊಡೋ ಬೆಲೆ ಮಾತ್ರ ಸಿಕ್ಕಾಪಟ್ಟೆ. ಕ್ವಾರ್ಟರ್‌ಬ್ಯಾಕ್ ಒಂದನ್ನ ಬಿಟ್ಟು ಬೇರೆ ಯಾವ ಜಾಗಕ್ಕೂ ಮುಂದಿನ ವರ್ಷದ ಮೊದಲ ರೌಂಡ್ ಪಿಕ್ ಕೊಟ್ಟು ಮೇಲಕ್ಕೆ ಹತ್ತೋದು ನನಗಂತೂ ಒಪ್ಪಿಗೆ ಆಗಲ್ಲ, ಕ್ವಾರ್ಟರ್‌ಬ್ಯಾಕ್‌ಗೂ ಹತ್ತು ಸಲ ಯೋಚ್ನೆ ಮಾಡೇ ಹತ್ಬೇಕು.

ನೋಡೋದೇ ಆದ್ರೆ ಗುರುವಾರದ ಮೊದಲ ರೌಂಡ್ ಒಂದನ್ನೇ ನೋಡಿ ಟಿವಿ ಆಫ್ ಮಾಡ್ಬೇಡಿ. ಭಾರತದಲ್ಲಿ ಇರೋರಿಗೆ ಅದು ಶುಕ್ರವಾರ ಬೆಳಗಿನ ಜಾವ ಐದೂವರೆ, ಎರಡು ಮೂರನೇ ರೌಂಡ್ ಶನಿವಾರ ಬೆಳಗಿನ ಜಾವ ನಾಲ್ಕೂವರೆ. ಮೈಲಾಟಾ, ಟ್ರೇ ಸ್ಮಿತ್, ಸೇಂಟ್ ಬ್ರೌನ್, ಕ್ರಾಸ್ಬಿ ಥರದೋರು ಬರೋ ನಾಲ್ಕರಿಂದ ಏಳನೇ ರೌಂಡ್ ಶುರು ಆಗೋದು ಶನಿವಾರ ರಾತ್ರಿ ಒಂಬತ್ತೂವರೆಗೆ, ನಿದ್ದೆ ಕೆಡಿಸ್ಕೊಳ್ದೇ ಊಟ ಮುಗಿಸಿ ಆರಾಮಾಗಿ ನೋಡೋ ಟೈಮು, ನಿಮ್ ಟೀಮ್ ಗಾರ್ಡು, ಸೆಂಟರ್‌ಗಳನ್ನ ಅಲ್ಲಿ ಹುಡುಕ್ತಾ ಇದೆಯಾ ಇಲ್ವಾ ಅಂತ ಗಮನ ಇಡಿ.